ಎರಡನೇ ಪ್ರಶ್ನೆ: ‘ಚೆನ್ನಾಗಿದ್ದೀನಿ’ ಅಂದಮೇಲೆ ಏನು ಕೇಳಬೇಕು?

(ಯುವಜನರ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ)

ವಾಕ್ಯಭಾಗಗಳು: ಇಬ್ರಿಯರಿಗೆ 10:19-25, 3:12-13, ಯೋಹಾನ 21:1-17, ಗಲಾತ್ಯದವರಿಗೆ 6:1-5

ಆಫೀಸು, ಕಾಲೇಜು, ಟ್ರಾಫಿಕ್ಕು ಎಲ್ಲ ದಾಟಿಕೊಂಡು ಈ ಸಂಜೆ ದೇವರ ಸನ್ನಿಧಿಗೆ ಬಂದಿದ್ದೀರಿ. ಕೆಲವರು ನೈಟ್ ಶಿಫ್ಟ್ ಮುಗಿಸಿ ನಿದ್ದೆಗಣ್ಣಲ್ಲೇ ಬಂದಿದ್ದೀರಿ, ನನಗೆ ಕಾಣಿಸ್ತಿದೆ. ನಿಮಗಾಗಿ ಕರ್ತನಿಗೆ ಸ್ತೋತ್ರ.

ಸತ್ಯವೇದ ತೆರೆಯುವ ಮೊದಲು ಒಂದು ಕೆಲಸ ಮಾಡಿ. ಪಕ್ಕದಲ್ಲಿ ಕೂತವರ ಕಡೆ ತಿರುಗಿ, ಕೈಕುಲುಕಿ, ‘ಹೇಗಿದ್ದೀರಿ?’ ಅಂತ ಕೇಳಿ.

ಆಯ್ತಾ? ಹತ್ತು ಸೆಕೆಂಡಲ್ಲಿ ಮುಗಿದುಹೋಯ್ತು. ಇಷ್ಟು ಜನರಲ್ಲಿ ‘ಚೆನ್ನಾಗಿಲ್ಲ’ ಅಂದವರು ಯಾರಾದ್ರೂ ಇದ್ದಾರಾ? ಇಲ್ಲ. ಎಲ್ಲರೂ ನಗ್ತಾ ಇದ್ದೀರಿ. ‘ಪ್ರೈಸ್ ದ ಲಾರ್ಡ್ ಬ್ರದರ್, ಕರ್ತನ ಕೃಪೆಯಿಂದ ಚೆನ್ನಾಗಿದ್ದೀನಿ.’ ಇದು ನಮ್ಮ ಸಭೆಯ ಉತ್ತರ. ಹೊಸದಾಗಿ ಬಂದವರು ಕೂಡ ಮೂರನೇ ವಾರಕ್ಕೆ ಕಲಿತುಬಿಡ್ತಾರೆ. ಇವತ್ತಿನ ಸಂದೇಶ ಈ ಉತ್ತರದ ಬಗ್ಗೆ, ಮತ್ತು ಅದರ ನಂತರ ನಾವು ಕೇಳದೇ ಬಿಡುವ ಇನ್ನೊಂದು ಪ್ರಶ್ನೆಯ ಬಗ್ಗೆ.

ನಾನು ಕೇಳದೇ ಬಿಟ್ಟದ್ದು

ಒಂದು ವಿಷಯ ಹೇಳ್ತೀನಿ. ಸಂಬಂಧಪಟ್ಟ ಸಹೋದರನ ಅನುಮತಿ ಪಡೆದು, ಅವನನ್ನು ಗುರುತಿಸಲಾಗದ ಹಾಗೆ ಕೆಲವು ವಿವರ ಬದಲಿಸಿ ಹೇಳ್ತಿದ್ದೀನಿ.

ಅವನು ಆರಾಧನಾ ತಂಡದಲ್ಲಿದ್ದ. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೇಬಲ್ ಎಳೆಯೋದು, ಮೈಕ್ ಹಾಕೋದು, ಕೊನೆಗೆ ಕುರ್ಚಿ ಜೋಡಿಸಿ ಹೋಗೋದು. ಬಾಗಿಲಲ್ಲಿ ನಿಂತು ನಾನು ಪ್ರತಿವಾರ ಕೇಳ್ತಿದ್ದೆ, ‘ಹೇಗಿದ್ದೀಯಪ್ಪ?’ ಅವನು ಪ್ರತಿವಾರ ಅದೇ ಉತ್ತರ ಕೊಡ್ತಿದ್ದ. ಮುಖ ಇಳಿದಿತ್ತು, ಗಮನಿಸಿದ್ದೆ. ಬೈಕ್ ಬಿಟ್ಟು ಬಸ್ಸಲ್ಲಿ ಬರೋಕೆ ಶುರುಮಾಡಿದ್ದ, ಅದನ್ನೂ ಗಮನಿಸಿದ್ದೆ. ‘ಬೈಕ್ ಎಲ್ಲಪ್ಪ?’ ಅಂದಾಗ ‘ಸರ್ವೀಸಿಗೆ ಕೊಟ್ಟಿದ್ದೀನಿ ಪಾಸ್ಟರ್’ ಅಂದ. ಹಿಂದೆ ಇನ್ನೂ ಜನ ಕೈಕುಲುಕೋಕೆ ಕಾಯ್ತಿದ್ದರು. ನಾನು ಮುಂದಿನವರ ಕೈ ಹಿಡಿದೆ.

ಒಂದು ರಾತ್ರಿ ಹನ್ನೊಂದು ಗಂಟೆಗೆ ಅವನ ತಾಯಿ ಊರಿನಿಂದ ಫೋನ್ ಮಾಡಿದರು. ‘ಅಯ್ಯನವರೇ, ಮಗ ಫೋನ್ ಎತ್ತುತ್ತಿಲ್ಲ. ಯಾರ್ಯಾರೋ ನಮಗೆ ಫೋನ್ ಮಾಡಿ ಸಾಲ ಕಟ್ಟಿ ಅಂತ ಬಾಯಿಗೆ ಬಂದ ಹಾಗೆ ಬೈತಿದ್ದಾರೆ.’ ವಿಚಾರಿಸಿದಾಗ ಪಿಜಿ ಬಿಟ್ಟು ಹೋಗಿ ಎರಡು ದಿನವಾಗಿತ್ತು. ಕ್ರಿಕೆಟ್ ಬೆಟ್ಟಿಂಗ್. ಮೊದಲು ಸಂಬಳ ಹೋಯ್ತು, ಆಮೇಲೆ ಮೊಬೈಲ್ ಆಪ್‌ಗಳಲ್ಲಿ ಸಾಲ, ಒಂದು ಸಾಲ ತೀರಿಸಲು ಇನ್ನೊಂದು ಸಾಲ. ಬೈಕ್ ಸರ್ವೀಸಿಗೆ ಹೋಗಿರಲಿಲ್ಲ, ಮಾರಾಟವಾಗಿತ್ತು.

ಮರುದಿನ ಬೆಳಗ್ಗೆ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಸಿಕ್ಕಿದ. ಜೀವಸಹಿತ ಸಿಕ್ಕಿದ್ದು ದೇವರ ದಯೆ. ಯಾವ ಬಸ್ಸು ಹತ್ತಬೇಕೋ ಗೊತ್ತಾಗದೆ ಕೂತಿದ್ದ. ಕಾಫಿ ಕುಡಿಸಿ ಪಕ್ಕದಲ್ಲಿ ಕೂತೆ. ‘ನನ್ನ ಹತ್ರ ಯಾಕಪ್ಪ ಹೇಳ್ಲಿಲ್ಲ?’ ಅಂತ ಕೇಳಿದೆ. ಅವನು ಕೊಟ್ಟ ಉತ್ತರ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

‘ಪಾಸ್ಟರ್, ನೀವು ಪ್ರತಿವಾರ ಕೇಳಿದ್ರಿ. ಆದರೆ ಎರಡನೇ ಸಲ ಯಾರೂ ಕೇಳ್ಲಿಲ್ಲ. ಕೇಳಿದ್ದಿದ್ರೆ ಹೇಳಿಬಿಡ್ತಿದ್ದೆ.’

ಪ್ರಿಯರೇ, ಮೊದಲನೇ ಪ್ರಶ್ನೆ ನಮ್ಮ ಮರ್ಯಾದೆಯ ಮಾತು. ಎರಡನೇ ಪ್ರಶ್ನೆಯಲ್ಲಿ ಪ್ರೀತಿ ಶುರುವಾಗುತ್ತೆ. ಈ ಒಂದು ಮಾತನ್ನು ನೀವು ಮನೆಗೆ ತಗೊಂಡು ಹೋದರೆ ನನಗೆ ಸಾಕು.

1. ಸಭೆಗೆ ಬನ್ನಿ ಅನ್ನುವುದಕ್ಕಿಂತ ಮೊದಲು ವಾಕ್ಯ ಏನು ಹೇಳುತ್ತದೆ?

ಇಬ್ರಿಯರಿಗೆ ಬರೆದ ಪತ್ರಿಕೆ 10ನೇ ಅಧ್ಯಾಯ, 24 ಮತ್ತು 25ನೇ ವಚನ. 25ನೇ ವಚನ ನಿಮಗೆಲ್ಲ ಬಾಯಿಪಾಠ, ಯಾಕಂದ್ರೆ ಎರಡು ಭಾನುವಾರ ತಪ್ಪಿಸಿಕೊಂಡವರಿಗೆ ನಾವು ಪಾಸ್ಟರ್‌ಗಳು ಅದನ್ನೇ ವಾಟ್ಸಾಪ್‌ನಲ್ಲಿ ಕಳಿಸ್ತೀವಿ! ಸಭೆಯಾಗಿ ಕೂಡಿಬರುವುದನ್ನು ಬಿಡಬೇಡಿ ಎಂಬ ವಚನ ಅದು. ಆದರೆ ಅದರ ಹಿಂದಿನ 24ನೇ ವಚನದಲ್ಲಿ ಕಾರಣ ಇದೆ. ಒಬ್ಬರನ್ನೊಬ್ಬರು ಗಮನಿಸಿ ನೋಡಿರಿ, ಪ್ರೀತಿಗೂ ಒಳ್ಳೆಯ ಕಾರ್ಯಕ್ಕೂ ಒಬ್ಬರನ್ನೊಬ್ಬರು ಹುರಿದುಂಬಿಸಿರಿ ಎಂಬುದು ಅದರ ಸಾರ. ಕೂಡಿಬರುವುದು ಯಾಕೆ? ಹತ್ತಿರದಿಂದ ನೋಡಲಿಕ್ಕೆ. ಬರೀ ಸ್ಟೇಜ್ ನೋಡಿ ಮನೆಗೆ ಹೋದರೆ 25ನೇ ವಚನ ಪಾಲಿಸಿದ ಹಾಗೆ ಕಾಣುತ್ತದೆ, 24 ಹಾಗೇ ಉಳಿದುಬಿಡುತ್ತದೆ.

ಈ ಪತ್ರಿಕೆ ಯಾರಿಗೆ ಬಂತು? 10:32ರಿಂದ 34 ಓದಿ ನೋಡಿ. ನಂಬಿಕೆಗಾಗಿ ಜನರ ಮುಂದೆ ಅವಮಾನ ಪಟ್ಟವರು, ಆಸ್ತಿ ಕಳೆದುಕೊಂಡವರು, ಸೆರೆಯಲ್ಲಿದ್ದವರ ಜೊತೆ ನಿಂತವರು. ಒಂದು ಕಾಲದಲ್ಲಿ ಬೆಂಕಿಯ ಹಾಗೆ ಉರಿದವರು ಈಗ ದಣಿದಿದ್ದಾರೆ. ಕೆಲವರು ಬರೋದನ್ನೇ ನಿಲ್ಲಿಸಿದ್ದಾರೆ. ಅಂಥವರಿಗೆ ಲೇಖಕನು ಮೊದಲು ತೋರಿಸುವುದು ಯೇಸುವಿನ ರಕ್ತದ ಮೂಲಕ ತೆರೆದಿರುವ ಹಾದಿಯನ್ನು. ಅದು 19ನೇ ವಚನ. ಆಮೇಲೆ ತೋರಿಸುವುದು ಪಕ್ಕದಲ್ಲಿರುವ ಸಹೋದರನನ್ನು.

‘ಗಮನಿಸಿ ನೋಡುವುದು’ ಎಂಬಲ್ಲಿ ಗ್ರೀಕ್ ಮೂಲದಲ್ಲಿರುವ ಪದ ಕತಾನೊಯೆಯೊ. ಮೇಲಿಂದ ಮೇಲೆ ಕಣ್ಣು ಹಾಯಿಸುವುದಕ್ಕೆ ಆ ಪದ ಬಳಸುವುದಿಲ್ಲ, ಮನಸ್ಸಿಟ್ಟು ನೋಡುವುದಕ್ಕೆ ಬಳಸುತ್ತಾರೆ. ಇದೇ ಪತ್ರಿಕೆಯ 3:1ರಲ್ಲಿ ಯೇಸುವನ್ನು ಗಮನವಿಟ್ಟು ನೋಡಿರಿ ಅನ್ನುವಾಗಲೂ ಇದೇ ಪದ ಇದೆ. ಯೇಸುವನ್ನು ನೋಡುವ ಶ್ರದ್ಧೆಯಿಂದಲೇ ಪಕ್ಕದವನನ್ನು ನೋಡಬೇಕು. ನನಗೆ ಬೈಕ್ ಇಲ್ಲದ್ದು ಕಂಡಿತ್ತು, ಆದರೆ ನಾನು ಅವನನ್ನು ನೋಡಿರಲಿಲ್ಲ.

ಇನ್ನೊಂದು ಪದ, ‘ಹುರಿದುಂಬಿಸುವುದು’. ಮೂಲದಲ್ಲಿ ಪಾರೊಕ್ಸುಸ್ಮೊಸ್. ಬಹಳ ಖಾರವಾದ ಪದ ಇದು. ಹೊಸ ಒಡಂಬಡಿಕೆಯಲ್ಲಿ ಎರಡೇ ಸಲ ಬರುತ್ತದೆ. ಒಂದು ಇಲ್ಲಿ. ಇನ್ನೊಂದು ಅಪೊಸ್ತಲರ ಕೃತ್ಯಗಳು 15:39ರಲ್ಲಿ, ಮಾರ್ಕನ ವಿಷಯವಾಗಿ ಪೌಲನಿಗೂ ಬಾರ್ನಬನಿಗೂ ತೀಕ್ಷ್ಣವಾದ ವಾಗ್ವಾದವಾಗಿ ಇಬ್ಬರೂ ಬೇರೆಬೇರೆಯಾದ ಕಡೆ. ಜಗಳಕ್ಕೂ ಪ್ರೋತ್ಸಾಹಕ್ಕೂ ಒಂದೇ ಪದವಾ? ಹೌದು. ಎರಡರಲ್ಲೂ ಒಬ್ಬ ಇನ್ನೊಬ್ಬನನ್ನು ಚುಚ್ಚುತ್ತಾನೆ. ಎತ್ತ ಕಡೆಗೆ ಚುಚ್ಚುತ್ತೀವಿ ಅನ್ನೋದು ಮುಖ್ಯ. 24ನೇ ವಚನ ಗುರಿಯನ್ನೂ ಹೇಳಿದೆ: ಪ್ರೀತಿಯ ಕಡೆಗೆ, ಒಳ್ಳೆಯ ಕಾರ್ಯದ ಕಡೆಗೆ.

ಮಾರ್ಕನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅರ್ಧದಾರಿಯಲ್ಲಿ ಬಿಟ್ಟುಹೋಗಿದ್ದ ಅವನನ್ನು ಬಾರ್ನಬ ಕೈಬಿಡದೆ ತನ್ನ ಜೊತೆ ಕರೆದುಕೊಂಡು ಹೋದ. ಮುಂದೆ 2 ತಿಮೊಥೆಯನಿಗೆ 4:11ರಲ್ಲಿ ಅದೇ ಪೌಲನು, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಸೇವೆಯಲ್ಲಿ ಉಪಯೋಗವಾದವನು ಎಂಬ ಅರ್ಥದಲ್ಲಿ ಬರೆಯುತ್ತಾನೆ. ಒಬ್ಬ ಬಾರ್ನಬ ಇದ್ದದ್ದರಿಂದ ಒಬ್ಬ ಮಾರ್ಕ ಉಳಿದ. ಹಲ್ಲೆಲೂಯಾ!

2. ಪವಿತ್ರಾತ್ಮನ ಹೆಸರಲ್ಲೇ ಈ ಕೆಲಸ ಇದೆ

ನಾವು ಪೆಂತೆಕೊಸ್ತಿನವರು. ಅಭಿಷೇಕ, ಅನ್ಯಭಾಷೆ, ವರಗಳು, ಇವುಗಳ ಬಗ್ಗೆ ನಮಗೆ ನಾಚಿಕೆ ಇಲ್ಲ, ಇರಲೂಬಾರದು. ಆದರೆ ಒಂದು ವಿಷಯ ಯೋಚನೆ ಮಾಡಿ.

ಯೋಹಾನ 14:16ರಲ್ಲಿ ಯೇಸು ಪವಿತ್ರಾತ್ಮನನ್ನು ನಮ್ಮ ಕನ್ನಡ ಬೈಬಲ್‌ನಲ್ಲಿ ‘ಸಹಾಯಕ’ ಎಂದಿರುವ ಹೆಸರಿನಿಂದ ಕರೆದನು. ಮೂಲಪದ ಪರಾಕ್ಲೇತೊಸ್, ಅಂದರೆ ಪಕ್ಕಕ್ಕೆ ಕರೆಸಿಕೊಳ್ಳಲ್ಪಟ್ಟವನು, ಜೊತೆಯಲ್ಲಿ ನಿಲ್ಲುವವನು. ಇಬ್ರಿಯ 10:25ರಲ್ಲಿ, 3:13ರಲ್ಲಿ ಒಬ್ಬರನ್ನೊಬ್ಬರು ಎಚ್ಚರಿಸಿರಿ, ಧೈರ್ಯಗೊಳಿಸಿರಿ ಎಂದು ಹೇಳುವಾಗ ಬರುವ ಪದ ಅದೇ ಬೇರಿನದು, ಪರಾಕಾಲೆಯೊ. ಪವಿತ್ರಾತ್ಮನು ನಮಗೆ ಏನಾಗಿದ್ದಾನೋ, ಅದನ್ನೇ ನಾವು ಒಬ್ಬರಿಗೊಬ್ಬರು ಆಗಬೇಕು.

ಎರಡನೇ ಅಧ್ಯಾಯದ ಪೆಂತೆಕೊಸ್ತನ್ನು ನಾವು 4ನೇ ವಚನಕ್ಕೇ ನಿಲ್ಲಿಸಿಬಿಡ್ತೀವಿ. ಅದೇ ಅಧ್ಯಾಯ 42ರಿಂದ 47ರ ತನಕ ಹೋಗಿ ನೋಡಿ. ಅನ್ಯಭಾಷೆಯಲ್ಲಿ ಮಾತಾಡಿದವರು ಮನೆಮನೆಯಲ್ಲಿ ರೊಟ್ಟಿ ಮುರಿದರು, ಇಲ್ಲದವರಿಗೆ ಇದ್ದವರು ಹಂಚಿದರು. ಬೆಂಕಿ ತಲೆಯ ಮೇಲೆ ಇಳಿದದ್ದು ಅಡುಗೆಮನೆಯವರೆಗೂ ಹೋಯ್ತು. ಅನ್ಯಭಾಷೆಯಲ್ಲಿ ಒಂದು ಗಂಟೆ ಪ್ರಾರ್ಥನೆ ಮಾಡಿ, ರೂಮ್‌ಮೇಟ್ ಜೊತೆ ಕನ್ನಡದಲ್ಲಿ ಐದು ನಿಮಿಷ ಮಾತಾಡಲು ನನಗೆ ಬರದಿದ್ದರೆ, ನಾನು ಪವಿತ್ರಾತ್ಮನ ಅರ್ಧ ಪಾಠ ಮಾತ್ರ ಕಲಿತಿದ್ದೀನಿ.

ಇಬ್ರಿಯ 3:13 ಇನ್ನೂ ಒಂದು ಮಾತು ಹೇಳುತ್ತದೆ: ಪ್ರತಿದಿನ, ಈ ಹೊತ್ತು ಎಂಬ ಕಾಲ ಇರುವಾಗಲೇ. ಯಾಕೆ ಇಷ್ಟು ಅವಸರ? ಪಾಪ ಮೋಸಮಾಡುತ್ತದೆ, ಹೃದಯ ಕಠಿಣವಾಗುತ್ತದೆ. ಮೋಸ ಹೋದವನಿಗೆ ತಾನು ಮೋಸ ಹೋಗಿದ್ದೀನಿ ಅಂತ ಗೊತ್ತಿರಲ್ಲ. ಗೊತ್ತಿದ್ದರೆ ಅದು ಮೋಸವೇ ಅಲ್ಲ. ನಮ್ಮ ಸಹೋದರ ಪ್ರತಿ ಸಲ ‘ಇದೊಂದು ಮ್ಯಾಚ್, ಸಾಲ ತೀರಿಸಿ ಬಿಟ್ಟುಬಿಡ್ತೀನಿ’ ಅಂತಲೇ ಅಂದುಕೊಂಡಿದ್ದ. ಹೊರಗಿನಿಂದ ಒಂದು ದನಿ ಬೇಕಿತ್ತು.

3. ಯೇಸು ಮೂರು ಸಲ ಕೇಳಿದನು

ಎರಡನೇ ಪ್ರಶ್ನೆಯನ್ನು ಹೇಗೆ ಕೇಳಬೇಕು ಅನ್ನೋದನ್ನು ಯೋಹಾನ 21ರಲ್ಲಿ ಕರ್ತನೇ ತೋರಿಸಿಕೊಟ್ಟಿದ್ದಾನೆ.

ಪೇತ್ರನು ಮೂರು ಸಲ ಯೇಸುವನ್ನು ಗೊತ್ತಿಲ್ಲ ಅಂದವನು. ಈಗ ತಿಬೇರಿಯ ಸಮುದ್ರದಲ್ಲಿ ರಾತ್ರಿಯೆಲ್ಲ ಬಲೆ ಬೀಸಿದ್ದಾನೆ, ಒಂದು ಮೀನೂ ಇಲ್ಲ. ಬೆಳಗಾಗುವಾಗ ಯೇಸು ದಡದಲ್ಲಿ ನಿಂತಿದ್ದಾನೆ. ಅಲ್ಲಿ ಇದ್ದಲಿನ ಬೆಂಕಿ, ಅದರ ಮೇಲೆ ಮೀನು, ರೊಟ್ಟಿ. ಹೊಸ ಒಡಂಬಡಿಕೆಯಲ್ಲಿ ಇದ್ದಲಿನ ಬೆಂಕಿಗೆ ಬಳಸಿದ ಆ ಪದ ಎರಡೇ ಕಡೆ ಇದೆ. ಯೋಹಾನ 18:18, ಮಹಾಯಾಜಕನ ಅಂಗಳದಲ್ಲಿ ಪೇತ್ರನು ಚಳಿ ಕಾಯಿಸುತ್ತಾ ಸುಳ್ಳು ಹೇಳಿದ ಜಾಗ. ಮತ್ತೆ ಇಲ್ಲಿ, 21:9. ಬಿದ್ದ ಜಾಗದ ನೆನಪು ತರುವ ಬೆಂಕಿಯ ಹತ್ತಿರವೇ ಕರ್ತನು ಅವನನ್ನು ಕೂರಿಸಿದನು.

ಕ್ರಮ ನೋಡಿ. ಮೊದಲು ಊಟ, ಆಮೇಲೆ ಪ್ರಶ್ನೆ. 15ನೇ ವಚನ, ಅವರ ಊಟವಾದ ಮೇಲೆ. ರಾತ್ರಿಯೆಲ್ಲ ದಣಿದವನಿಗೆ ಕರ್ತನು ವಿಚಾರಣೆ ಇಡಲಿಲ್ಲ, ಮೀನು ಸುಟ್ಟುಕೊಟ್ಟನು. ಆದರೆ ಊಟ ಹಾಕಿ ವಿಷಯ ಮರೆತುಬಿಡಲೂ ಇಲ್ಲ. ನನ್ನನ್ನು ಪ್ರೀತಿಸುತ್ತೀಯಾ ಎಂದು ಒಂದು ಸಲ ಕೇಳಿದನು. ಪೇತ್ರ ಉತ್ತರ ಕೊಟ್ಟ. ಎರಡನೇ ಸಲ ಕೇಳಿದನು. ಮೂರನೇ ಸಲ ಕೇಳಿದಾಗ ಪೇತ್ರನಿಗೆ ದುಃಖವಾಯಿತು ಎಂದು 17ನೇ ವಚನ ಹೇಳುತ್ತದೆ. ಮೂರು ಸಲ ಆದ ಗಾಯವನ್ನು ವೈದ್ಯನು ಮೂರು ಕಡೆಯೂ ಮುಟ್ಟಿದನು, ನೋವಾಗುತ್ತದೆ ಅಂತ ಬಿಡಲಿಲ್ಲ. ಪ್ರತಿ ಉತ್ತರದ ನಂತರ ಕುರಿಗಳನ್ನು ಅವನ ಕೈಗೆ ಒಪ್ಪಿಸಿದನು. ‘ನಿನ್ನ ಮೇಲೆ ನನಗೆ ಇನ್ನೂ ನಂಬಿಕೆ ಇದೆ’ ಅಂತ ಹೇಳುವ ರೀತಿ ಅದು.

ನಮ್ಮಲ್ಲಿ ಎರಡು ಗುಂಪು ಇದೆ. ಒಂದು ಗುಂಪು ಬರೀ ಊಟ ಹಾಕುತ್ತದೆ: ‘ಬಿಡು ಮಚ್ಚಾ, ದೇವರು ನೋಡ್ಕೋತಾನೆ.’ ಕೇಳೋದೇ ಇಲ್ಲ. ಇನ್ನೊಂದು ಗುಂಪು ಬರೀ ಕೇಳುತ್ತದೆ: ‘ಯಾಕೆ ಪ್ರೇಯರ್‌ಗೆ ಬರ್ಲಿಲ್ಲ? ಆ ಹುಡುಗಿ ಯಾರು? ಸ್ಟೇಟಸ್ ಯಾಕೆ ಹಾಗೆ ಹಾಕಿದ್ದೀಯ?’ ಊಟ ಹಾಕೋದೇ ಇಲ್ಲ. ಕರ್ತನು ಎರಡನ್ನೂ ಒಂದೇ ಬೆಳಗ್ಗೆ, ಒಂದೇ ಬೆಂಕಿಯ ಮುಂದೆ ಮಾಡಿದನು.

4. ಬಲೆ ಸರಿಮಾಡುವ ಕೈ

ಗಲಾತ್ಯ 6:1. ಒಬ್ಬನು ತಪ್ಪಿನಲ್ಲಿ ಸಿಕ್ಕಿಬಿದ್ದರೆ ಆತ್ಮನಿಂದ ನಡೆಯುವವರು ಅವನನ್ನು ಸೌಮ್ಯಭಾವದಿಂದ ಸರಿಪಡಿಸಬೇಕು, ತಾವೂ ಶೋಧನೆಗೆ ಒಳಗಾಗದಂತೆ ನೋಡಿಕೊಳ್ಳಬೇಕು. ‘ಸರಿಪಡಿಸು’ ಅನ್ನುವಲ್ಲಿ ಇರುವ ಪದ ಕತಾರ್ತಿಜೊ. ಮತ್ತಾಯ 4:21ರಲ್ಲಿ ಜೆಬೆದಾಯನ ಮಕ್ಕಳಾದ ಯಾಕೋಬ, ಯೋಹಾನರು ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದಾಗ ಬರುವ ಪದವೂ ಇದೇ. ಮಂಗಳೂರು ಮಲ್ಪೆ ಕಡೆಯವರು ಇಲ್ಲಿದ್ದೀರಿ, ನೀವು ನೋಡಿರ್ತೀರಿ. ಹರಿದ ಬಲೆಯನ್ನು ಯಾರೂ ಬೈಯುವುದಿಲ್ಲ, ಸಮುದ್ರಕ್ಕೆ ಎಸೆಯುವುದೂ ಇಲ್ಲ. ಮಡಿಲಲ್ಲಿ ಹಾಕಿಕೊಂಡು, ತೂತು ಎಲ್ಲಿ ಅಂತ ಬೆರಳಲ್ಲಿ ಹುಡುಕಿ, ತಾಳ್ಮೆಯಿಂದ ಕಟ್ಟುತ್ತಾರೆ. ನಾಳೆ ಮತ್ತೆ ನೀರಿಗೆ ಇಳಿಯಬೇಕಲ್ಲ, ಅದಕ್ಕೆ.

ಅದೇ ಅಧ್ಯಾಯದಲ್ಲಿ ಗೊಂದಲ ತರುವ ಎರಡು ವಚನ ಇವೆ. 2ನೇ ವಚನ, ಒಬ್ಬರ ಭಾರ ಇನ್ನೊಬ್ಬರು ಹೊರಬೇಕು. 5ನೇ ವಚನ, ಪ್ರತಿಯೊಬ್ಬನೂ ತನ್ನ ಹೊರೆ ತಾನೇ ಹೊರಬೇಕು. ಯಾವುದು ಸರಿ? ಮೂಲದಲ್ಲಿ ಪದಗಳು ಬೇರೆ. 2ರಲ್ಲಿ ಬಾರೊಸ್, ಒಬ್ಬನನ್ನು ಕುಗ್ಗಿಸಿಬಿಡುವ ಭಾರ. 5ರಲ್ಲಿ ಫೋರ್ತಿಯೊನ್, ಅವನವನ ಪಾಲಿನ ಹೊರೆ. ನಿಮ್ಮ ಭಾಷೆಯಲ್ಲಿ ಹೇಳ್ತೀನಿ. ದಿನಾ ಆಫೀಸಿಗೆ ಒಯ್ಯುವ ಲ್ಯಾಪ್‌ಟಾಪ್ ಬ್ಯಾಗ್ ನೀನೇ ಹೊರಬೇಕು, ಅದನ್ನು ನನ್ನ ಹೆಗಲಿಗೆ ಹಾಕಬೇಡ. ಆದರೆ ಮನೆ ಬದಲಾಯಿಸುವಾಗ ವಾಷಿಂಗ್ ಮೆಷಿನ್ ಅನ್ನು ಮೂರನೇ ಮಹಡಿಗೆ ಒಬ್ಬನೇ ಹತ್ತಿಸ್ತೀನಿ ಅಂದರೆ ಬೆನ್ನು ಮುರಿಯುತ್ತೆ.

ನಮ್ಮ ಸಹೋದರನ ಸಾಲವನ್ನು ಸಭೆ ಕಟ್ಟಲಿಲ್ಲ. ಕೆಲವರು ಕಟ್ಟೋಣ ಅಂದರು, ಹಿರಿಯರು ಪ್ರಾರ್ಥಿಸಿ ಬೇಡ ಅಂದರು. ಕೆಲಸ ಮಾಡಿ ತೀರಿಸುವುದು ಅವನ ಹೊರೆ. ಆದರೆ ಹೆದರಿಸುವ ಫೋನ್‌ಗಳು ಬರುವಾಗ ಜೊತೆಗೆ ಕೂರುವುದು, ಎಲ್ಲಾ ಸಾಲಗಳ ಪಟ್ಟಿ ಮಾಡಿ ಯಾವುದು ಮೊದಲು ಅಂತ ಬರೆಯುವುದು, ತಾಯಿಗೆ ನಿಜ ಹೇಳುವಾಗ ಪಕ್ಕದಲ್ಲಿರುವುದು, ದೂರು ಕೊಡಲು ಸ್ಟೇಷನ್‌ಗೆ ಜೊತೆಯಲ್ಲಿ ಹೋಗುವುದು, ಇವೆಲ್ಲ ಒಬ್ಬನಿಂದ ಆಗದ ಭಾರ. ಅದಕ್ಕೆ ಇಬ್ಬರು ಸಹೋದರರು ಹೆಗಲು ಕೊಟ್ಟರು.

5. ನಮಗಿಂತ ಮುಂಚೆ ಇದನ್ನು ಮಾಡಿದವರು

ಇದು ನಾವು ಹೊಸದಾಗಿ ಕಂಡುಹಿಡಿದದ್ದೇನೂ ಅಲ್ಲ. ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿ 1738ರಲ್ಲಿ ‘ಬ್ಯಾಂಡ್’ ಎಂಬ ಚಿಕ್ಕ ಗುಂಪುಗಳಿಗೆ ನಿಯಮ ಬರೆದರು. ಆಧಾರ ಯಾಕೋಬ 5:16, ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸುವುದು. ವಾರಕ್ಕೊಮ್ಮೆ ಸೇರಿ, ಪ್ರತಿಯೊಬ್ಬರೂ ತಮ್ಮ ಆತ್ಮದ ನಿಜಸ್ಥಿತಿಯನ್ನು ಹೇಳಿಕೊಳ್ಳುತ್ತಿದ್ದರು.

1742ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಇನ್ನೊಂದು ಸ್ವಾರಸ್ಯ ನಡೆಯಿತು. ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ಉಳಿದಿತ್ತು. ವಾರಕ್ಕೆ ಒಂದು ಪೆನ್ನಿ ಎಲ್ಲರೂ ಕೊಡೋಣ ಅಂತ ಮಾತಾಯ್ತು. ‘ಎಷ್ಟೋ ಜನರ ಹತ್ತಿರ ಅದೂ ಇಲ್ಲ’ ಅಂದಾಗ ಕ್ಯಾಪ್ಟನ್ ಫಾಯ್ ಎಂಬ ಸಹೋದರ, ಅತಿ ಬಡವರಾದ ಹನ್ನೊಂದು ಜನರನ್ನು ನನಗೆ ಒಪ್ಪಿಸಿ, ನಾನು ವಾರವಾರ ಹೋಗಿ ಕೇಳ್ತೀನಿ, ಅವರಿಂದ ಆಗದಿದ್ದರೆ ನಾನೇ ಕೊಡ್ತೀನಿ ಅಂದರು. ಹೀಗೆ ಹನ್ನೆರಡು ಜನರ ‘ಕ್ಲಾಸ್’ ಹುಟ್ಟಿತು. ಪೆನ್ನಿ ಕೇಳಲು ಮನೆಗೆ ಹೋದವರಿಗೆ ಅಲ್ಲಿ ಜಗಳ, ಕುಡಿತ, ಹಸಿವು ಕಣ್ಣಿಗೆ ಬಿತ್ತು. ಕಟ್ಟಡದ ಸಾಲಕ್ಕಾಗಿ ಶುರುವಾದದ್ದು ಆತ್ಮಗಳ ಆರೈಕೆಯಾಯಿತು. ಈ ವೆಸ್ಲಿಯ ಬೇರಿನಿಂದ ಹೋಲಿನೆಸ್ ಚಳವಳಿ ಬೆಳೆಯಿತು, ಅದರೊಳಗಿಂದ ಬಂದ ವಿಲಿಯಂ ಸೀಮೋರ್ ಅವರು 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯ ಉಜ್ಜೀವನವನ್ನು ನಡೆಸಿದರು. ನಮ್ಮ ಮನೆತನದಲ್ಲೇ ಈ ಎರಡನೇ ಪ್ರಶ್ನೆ ಇದೆ, ಪ್ರಿಯರೇ. ನಾವು ಮರೆತಿದ್ದೇವೆ ಅಷ್ಟೇ.

6. ಎಚ್ಚರಿಕೆ: ಇದು ಕೆಟ್ಟರೆ ಬಹಳ ಕೆಡುತ್ತದೆ

ಈಗ ನಿಮ್ಮಲ್ಲಿ ಕೆಲವರು ಮನಸ್ಸಲ್ಲೇ ಅಂದುಕೊಳ್ತಿದ್ದೀರಿ: ‘ಪಾಸ್ಟರ್, ಒಂದು ಸಲ ಹೇಳಿಕೊಂಡಿದ್ದೆ. ಭಾನುವಾರದೊಳಗೆ ಇಡೀ ಸಭೆಗೆ ಗೊತ್ತಾಗಿತ್ತು.’ ನಿಮ್ಮ ನೋವು ನಿಜ. ‘ಆ ತಂಗಿಗಾಗಿ ಪ್ರಾರ್ಥಿಸಿ, ಏನಾಗಿದೆ ಅಂತ ಹೇಳೋಕಾಗಲ್ಲ, ಆದರೂ ಹೇಳ್ತೀನಿ’ ಅಂತ ಶುರುವಾಗುವ ಪ್ರಾರ್ಥನಾ ವಿಷಯ ಚಾಡಿಮಾತು. ಅದಕ್ಕೆ ‘ಆಮೆನ್’ ಸೇರಿಸಿದರೂ ಚಾಡಿಮಾತೇ. ಹಾಗೆ ಮಾಡಿದ ಸೇವಕರ ಪರವಾಗಿ ನಾನು ನಿಮ್ಮ ಕ್ಷಮೆ ಕೇಳ್ತೀನಿ.

ಇನ್ನೊಂದು ಅಪಾಯ ಅಧಿಕಾರ. 1970ರ ದಶಕದಲ್ಲಿ ಅಮೆರಿಕದ ಫ್ಲಾರಿಡಾದಿಂದ ‘ಶೆಫರ್ಡಿಂಗ್ ಮೂವ್‌ಮೆಂಟ್’ ಅನ್ನುವ ಚಳವಳಿ ಹಬ್ಬಿತು. ಆತ್ಮನ ಅಭಿಷೇಕ ಪಡೆದ ಪ್ರಸಿದ್ಧ ಬೋಧಕರೇ ಅದರ ಮುಂದಾಳುಗಳು. ಪ್ರತಿಯೊಬ್ಬ ವಿಶ್ವಾಸಿಯೂ ಒಬ್ಬ ‘ಕುರುಬ’ನಿಗೆ ಅಧೀನನಾಗಿರಬೇಕು ಅಂದರು. ಆರಂಭದ ಉದ್ದೇಶ ಚೆನ್ನಾಗಿತ್ತು. ಹೋಗ್ತಾ ಹೋಗ್ತಾ ಎಷ್ಟೋ ಕಡೆ ಮದುವೆ, ಕೆಲಸ, ಮನೆ, ಹಣ ಎಲ್ಲದಕ್ಕೂ ಆ ಮನುಷ್ಯನ ಒಪ್ಪಿಗೆ ಬೇಕಾಯಿತು. ಬಹಳ ಜನ ಗಾಯಗೊಂಡರು. ಕೊನೆಗೆ ಅದರ ಮುಂದಾಳುಗಳಲ್ಲಿ ಒಬ್ಬರಾದ ಬಾಬ್ ಮಮ್‌ಫೋರ್ಡ್ ಬಹಿರಂಗವಾಗಿ ಕ್ಷಮೆ ಕೇಳಿದರು. ಕುರಿಗಳು ಕರ್ತನವು. ಪೇತ್ರನಿಗೆ ಒಪ್ಪಿಸಿದಾಗಲೂ ಯೇಸು ‘ನನ್ನ’ ಕುರಿಗಳು ಅಂದನೇ ಹೊರತು ನಿನ್ನವು ಅನ್ನಲಿಲ್ಲ.

ಆದುದರಿಂದ ನಮ್ಮ ಸಭೆಯಲ್ಲಿ ನಾಲ್ಕು ಬೇಲಿಗಳನ್ನು ಹಾಕಿಕೊಳ್ಳೋಣ.

ಮೊದಲನೆಯದು, ಪರಸ್ಪರ. ವಾಕ್ಯ ‘ಒಬ್ಬರನ್ನೊಬ್ಬರು’ ಅನ್ನುತ್ತದೆ. ಕೇಳುವವನು ಉತ್ತರವನ್ನೂ ಕೊಡಬೇಕು. ನನ್ನನ್ನೂ ಇಬ್ಬರು ಹಿರಿಯರು ತಿಂಗಳಿಗೆ ಎರಡು ಸಲ ಕೇಳ್ತಾರೆ. ಹಣದ ಬಗ್ಗೆ, ಫೋನ್ ಬಗ್ಗೆ, ನನ್ನ ಹೆಂಡತಿಯ ಜೊತೆ ನನ್ನ ಮಾತಿನ ಧಾಟಿ ಬಗ್ಗೆ. ಯಾರಿಗೂ ಉತ್ತರ ಕೊಡಬೇಕಿಲ್ಲದ ಪಾಸ್ಟರ್ ಹತ್ತಿರ ನಿಮ್ಮ ಗುಟ್ಟು ಹೇಳಬೇಡಿ.

ಎರಡನೆಯದು, ಸಹೋದರರು ಸಹೋದರರ ಜೊತೆ, ಸಹೋದರಿಯರು ಸಹೋದರಿಯರ ಜೊತೆ.

ಮೂರನೆಯದು, ಕೇಳಿದ್ದು ಅಲ್ಲೇ ಉಳಿಯಬೇಕು. ಗಂಡ ಹೆಂಡತಿಗೂ ಹೇಳಬಾರದು, ಗ್ರೂಪ್‌ನಲ್ಲೂ ಹಾಕಬಾರದು.

ನಾಲ್ಕನೆಯದು, ಜೀವಕ್ಕೆ ಅಪಾಯ ಇದ್ದರೆ ಮೂರನೆಯ ಬೇಲಿ ಅನ್ವಯಿಸುವುದಿಲ್ಲ. ಯಾರಾದರೂ ಬದುಕೋದು ಬೇಡ ಅಂತ ಹೇಳಿದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಪ್ರಾರ್ಥನೆಯ ಜೊತೆಗೆ ವೈದ್ಯರ ಸಹಾಯವನ್ನೂ ಪಡೆಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯಿದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ‘ಸಭೆಯ ಹೆಸರು ಕೆಡುತ್ತೆ’ ಅಂತ ಮುಚ್ಚಿಡುವುದು ದೇವರ ಮುಂದೆಯೂ ಅಪರಾಧ.

7. ಈ ವಾರ ಏನು ಮಾಡಬೇಕು?

ದೊಡ್ಡ ಯೋಜನೆ ಏನೂ ಬೇಡ. ನಿಮ್ಮ ಸೆಲ್ ಗ್ರೂಪ್‌ನಲ್ಲಿ ಇಬ್ಬರು ಅಥವಾ ಮೂವರು ಸೇರಿ. ವಾರಕ್ಕೆ ಒಂದು ಸಲ, ಅರ್ಧ ಗಂಟೆ. ದರ್ಶಿನಿಯಲ್ಲಿ ನಿಂತುಕೊಂಡೇ ಆದರೂ ಸರಿ, ಮೊದಲು ಏನಾದರೂ ತಿನ್ನಿ, ಕರ್ತನು ಮಾಡಿದ ಹಾಗೆ. ಆಮೇಲೆ ಮೂರು ವಿಷಯ ಕೇಳಿಕೊಳ್ಳಿ.

ಈ ವಾರ ದೇವರ ಕೈಯನ್ನು ಎಲ್ಲಿ ಕಂಡೆ?

ಈ ವಾರ ಎಲ್ಲಿ ಬಿದ್ದೆ, ಅಥವಾ ಬೀಳುವ ಹಾಗಾಯ್ತು?

ಇಷ್ಟು ಹೊತ್ತು ಹೇಳದೇ ಉಳಿಸಿಕೊಂಡದ್ದು ಏನಾದರೂ ಇದೆಯಾ?

ಮೂರನೆಯದೇ ನಮ್ಮ ಎರಡನೇ ಪ್ರಶ್ನೆ. ಉತ್ತರ ಬಂದ ಕೂಡಲೇ ಉಪದೇಶ ಶುರುಮಾಡಬೇಡಿ. ಸ್ವಲ್ಪ ಸುಮ್ಮನಿರಿ. ಆಮೇಲೆ ತಲೆಯ ಮೇಲೆ ಕೈಯಿಟ್ಟು, ಹೆಸರು ಹಿಡಿದು ಪ್ರಾರ್ಥಿಸಿ. ಮುಂದಿನ ವಾರ ಮರೆಯದೆ ಅದನ್ನೇ ಮತ್ತೆ ಕೇಳಿ.

ನಮ್ಮ ಸಹೋದರನ ಕಥೆ ಮುಗಿಸ್ತೀನಿ. ‘ಒಂದೇ ದಿನದಲ್ಲಿ ಬಿಡುಗಡೆಯಾಯಿತು’ ಅಂತ ಸಾಕ್ಷಿ ಹೇಳೋದು ನನಗೆ ಸುಲಭ, ಆದರೆ ಅದು ಸುಳ್ಳಾಗುತ್ತೆ. ಸಾಲ ಇನ್ನೂ ತೀರಿಲ್ಲ. ಪ್ರತಿ ಗುರುವಾರ ಆ ಇಬ್ಬರು ಸಹೋದರರು ಅವನ ಜೊತೆ ಕೂರ್ತಾರೆ, ಅವನೇ ಬ್ಯಾಂಕ್ ಖಾತೆಯ ವಿವರ ತೆಗೆದು ತೋರಿಸ್ತಾನೆ. ನಡುವೆ ಒಂದು ಸಲ ಮತ್ತೆ ಬಿದ್ದ. ಸಂಜೆ ಆರು ಗಂಟೆಗೆ ಬೆಟ್ ಕಟ್ಟಿದವನು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ, ‘ಅಣ್ಣಾ, ಇವತ್ತು ಮಾಡಿಬಿಟ್ಟೆ’ ಅಂದ. ಮೊದಲು ಒಂದೂವರೆ ವರ್ಷ ಮುಚ್ಚಿಟ್ಟವನು ಈಗ ಮೂರು ಗಂಟೆಯಲ್ಲಿ ಬಾಯಿಬಿಟ್ಟ. ‘ಈ ಹೊತ್ತು’ ಅಂತ ಇಬ್ರಿಯ 3:13 ಹೇಳಿದ್ದು ಇದನ್ನೇ. ನನ್ನ ಕಣ್ಣಿಗೆ ಇದೂ ಒಂದು ಅದ್ಭುತಕಾರ್ಯ. ಕರ್ತನಿಗೆ ಮಹಿಮೆ!

ಇನ್ನೊಂದು ಸಂಗತಿ. ಕಳೆದ ತಿಂಗಳು ಹೊಸದಾಗಿ ಬಂದ ಒಬ್ಬ ಹುಡುಗ ಆರಾಧನೆ ಮುಗಿದ ಮೇಲೂ ಹೋಗದೆ ಕೊನೆಯ ಸಾಲಲ್ಲಿ ಕೂತಿದ್ದ. ‘ಚೆನ್ನಾಗಿದ್ದೀನಿ’ ಅಂತ ಎಲ್ಲರಿಗೂ ಹೇಳ್ತಿದ್ದ. ನಮ್ಮ ಸಹೋದರ ಕೇಬಲ್ ಸುತ್ತುತ್ತಿದ್ದವನು ಅದನ್ನು ಕೆಳಗಿಟ್ಟು, ಹೋಗಿ ಪಕ್ಕದಲ್ಲಿ ಕೂತ. ‘ಊಟ ಮಾಡಿದ್ಯಾ? ನಿಜವಾಗ್ಲೂ ಹೇಗಿದ್ದೀಯ?’ ಅಂದ. ಲೂಕ 22:32ರಲ್ಲಿ ಯೇಸು ಪೇತ್ರನಿಗೆ, ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ಬಲಪಡಿಸು ಎಂಬ ಅರ್ಥದಲ್ಲಿ ಹೇಳಿದ್ದು ನನ್ನ ಕಣ್ಣೆದುರಿಗೇ ನಡೆಯಿತು.

ಈ ಸಂಜೆ ಇಬ್ಬರಿಗೆ ಕರೆ ಕೊಡ್ತೀನಿ. ಒಳಗೊಳಗೇ ಮುಳುಗ್ತಿರುವ ತಮ್ಮಾ, ತಂಗಿ, ಯಾರಾದ್ರೂ ಕೇಳಲಿ ಅಂತ ಕಾಯಬೇಡ. ಇವತ್ತೇ ಒಬ್ಬರ ಹತ್ತಿರ ಹೇಳು. ಕಾಯಿನನು ‘ನಾನೇನು ನನ್ನ ತಮ್ಮನನ್ನು ಕಾಯುವವನೋ’ ಎಂಬ ರೀತಿಯಲ್ಲಿ ದೇವರಿಗೇ ಎದುರುತ್ತರ ಕೊಟ್ಟನು. ಹಾಗೆಯೇ ಮುಂದಿನವರ ಕೈ ಹಿಡಿದು ಸಾಗಿಬಿಟ್ಟ ನನ್ನಂಥವರೇ, ಒಂದು ಹೆಸರು ಈಗ ನಿಮ್ಮ ಮನಸ್ಸಿಗೆ ಬರ್ತಿದೆ ಅಲ್ವಾ? ಅದು ಪವಿತ್ರಾತ್ಮನ ನೆನಪು. ಹೊರಗೆ ಹೋಗಿ ಬೈಕ್ ಸ್ಟಾರ್ಟ್ ಮಾಡುವ ಮೊದಲು ಆ ಹೆಸರಿಗೆ ಫೋನ್ ಮಾಡಿ.

ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ಏದೆನ್ ತೋಟದಲ್ಲಿ ಅಡಗಿಕೊಂಡವನನ್ನು ಹುಡುಕಿ ಕೇಳಿದ ದೇವರು ನೀನು. ನಮ್ಮನ್ನೂ ಹುಡುಕಿ ಬಂದದ್ದಕ್ಕೆ ಸ್ತೋತ್ರ. ಅವಸರದಲ್ಲಿ ದಾಟಿಹೋದ ನಮ್ಮನ್ನು ಕ್ಷಮಿಸು. ನೋಡುವ ಕಣ್ಣು, ಕೇಳುವ ತಾಳ್ಮೆ, ಗುಟ್ಟು ಕಾಯುವ ನಾಲಿಗೆ ಕೊಡು. ಹೇಳಿಕೊಳ್ಳಲು ಹೆದರುವವರಿಗೆ ಧೈರ್ಯ ಕೊಡು. ಸಹಾಯಕನಾದ ಪವಿತ್ರಾತ್ಮನೇ, ನೀನು ನಮ್ಮ ಪಕ್ಕದಲ್ಲಿ ನಿಂತ ಹಾಗೆ ನಾವೂ ಒಬ್ಬರ ಪಕ್ಕದಲ್ಲಿ ಒಬ್ಬರು ನಿಲ್ಲುವಂತೆ ನಮ್ಮನ್ನು ತುಂಬು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.

ಸೆಲ್ ಗ್ರೂಪ್‌ನಲ್ಲಿ ಚರ್ಚಿಸಲು

1. ಯೋಹಾನ 21:9-17 ಓದಿ. ಯೇಸು ಊಟಕ್ಕೆ ಮೊದಲೇ ಪ್ರಶ್ನೆ ಕೇಳಿದ್ದರೆ ಪೇತ್ರನಿಗೆ ಹೇಗನಿಸುತ್ತಿತ್ತು? ಕೇಳದೇ ಬಿಟ್ಟಿದ್ದರೆ ಅವನ ಮುಂದಿನ ಸೇವೆ ಹೇಗಿರುತ್ತಿತ್ತು?

2. ಗಲಾತ್ಯ 6:2 ಮತ್ತು 6:5ನ್ನು ಒಟ್ಟಿಗೆ ಓದಿ. ನಿಮ್ಮ ಈಗಿನ ಜೀವನದಲ್ಲಿ ನೀವೇ ಹೊರಬೇಕಾದ ಹೊರೆ ಯಾವುದು? ಒಬ್ಬರೇ ಹೊರಲಾಗದ ಭಾರ ಯಾವುದು?

3. ನಿಮ್ಮ ಮಾತನ್ನು ಯಾರೋ ಹೊರಗೆ ಹೇಳಿದ್ದರಿಂದ ನಿಮಗೆ ನೋವಾಗಿದೆಯಾ? ಹೆಸರು ಹೇಳದೆ ಹಂಚಿಕೊಂಡು, ಆ ಗಾಯಕ್ಕಾಗಿ ಪ್ರಾರ್ಥಿಸಿ.

4. ಈ ವಾರ ನೀವು ಎರಡನೇ ಪ್ರಶ್ನೆ ಕೇಳಬೇಕಾದ ಒಬ್ಬರು ಯಾರು? ಯಾವ ದಿನ ಕೇಳುತ್ತೀರಿ?